ಜನರೇಟರ್ ಬಿಳಿ ಐದಕ್ಕೆ ಶ್ರುತಿ ಸೇರಿಸಿದ ರಾತ್ರಿ

ಸಾಗರ ಊರಿನ ಕಾರ್ಯಕ್ರಮದ ರಾತ್ರಿ ರೆಕಾರ್ಡ್ ಮಾಡಿದ ಬಾಸ್ ಗಿಟಾರ್ ಟ್ರ್ಯಾಕನ್ನು ಮನೆಗೆ ಬಂದು ಅದೊಂದನ್ನೇ ಹಾಕಿ ಕೇಳಿದೆ. ಎದೆ ಧಸಕ್ಕೆಂದಿತು. ಆರನೇ ಹಾಡಿನಿಂದ ಕೊನೆಯ ಹಾಡಿನವರೆಗೆ ಒಂದೇ ಸಮನೆ ‘ಗುಂಯ್’. ಟ್ರಾನ್ಸ್‌ಫಾರ್ಮರ್ ಕೆಳಗೆ ನಿಂತ ಹಾಗೆ. ಮೂರು ಊರಿನಲ್ಲಿ ಮೂರು ರಾತ್ರಿ ರೆಕಾರ್ಡ್ ಮಾಡಿದ್ದೆವು. ಅದರಲ್ಲಿ ಜೀವ ಇದ್ದದ್ದು ಸಾಗರದಲ್ಲಿ ಮಾತ್ರ. ಹಾಳಾಗಿದ್ದೂ ಅದೇ.

ನಮ್ಮ ಹಾಡುಗಾರ ಹನ್ನೊಂದು ವರ್ಷ ಒಂದೇ ಗಿಟಾರ್ ಹಿಡಿದು ಊರೂರು ತಿರುಗಿದವನು. ಮಾತು ಅವನದೇ, ಧಾಟಿ ಅವನದೇ. ಕೆಂಪು ಬಸ್ಸಿನಲ್ಲಿ ಗಿಟಾರ್‌ಗೆ ಲಗೇಜ್ ಟಿಕೆಟ್ ಹರಿಸಬೇಕೋ ಬೇಡವೋ ಅಂತ ಕಂಡಕ್ಟರ್ ಜೊತೆ ವಾದ ಮಾಡಿದ್ದಕ್ಕೆ ಲೆಕ್ಕವೇ ಇಲ್ಲ. ಈ ಬೇಸಿಗೆಯಲ್ಲಿ ಮೊದಲ ಸಲ ಪೂರ್ತಿ ಬ್ಯಾಂಡ್ ಕಟ್ಟಿಕೊಂಡು ಹೊರಟ. ಡ್ರಮ್ಸ್, ಬಾಸ್, ಎಲೆಕ್ಟ್ರಿಕ್ ಗಿಟಾರ್, ಕೊಳಲು, ಖಂಜಿರ, ಹಾರ್ಮೋನಿಯಂ ಮತ್ತು ಕೀಬೋರ್ಡ್‌ಗೆ ಒಬ್ಬರು, ಹಿಂದೆ ಹಾಡಲು ಇಬ್ಬರು. ಲೈವ್ ಆಲ್ಬಮ್ ಆಗಬೇಕು, ರೆಕಾರ್ಡಿಂಗ್ ನಿಂದು ಅಂದ. ಅವನ ಹೆಸರು ಇಲ್ಲಿ ಹಾಕುತ್ತಿಲ್ಲ. ಆಲ್ಬಮ್ ಮಾರೋಕೆ ಬರೆದ ಅಂತ ನೀವು ಅಂದುಕೊಳ್ಳುತ್ತೀರಿ, ಅಲ್ವಾ?

ಸಾಮಾನು

ಒಟ್ಟು 20 ಚಾನೆಲ್. ಡ್ರಮ್ಸ್‌ಗೆ ಆರು ಮೈಕ್. ಬಾಸ್‌ಗೆ ಒಂದು ಡಿಐ ಪೆಟ್ಟಿಗೆ, ಅಂದರೆ ವಾದ್ಯದ ಸಿಗ್ನಲ್ಲನ್ನು ಮೈಕಿಲ್ಲದೆ ನೇರ ಮಿಕ್ಸರಿಗೆ ಕಳಿಸುವುದು. ಎಲೆಕ್ಟ್ರಿಕ್ ಗಿಟಾರಿನ ಆಂಪ್ ಮುಂದೆ ಒಂದು ಮೈಕ್, ಎಸ್‌ಎಂ57. ಹಾಡುಗಾರನ ಗಿಟಾರ್ ಒಂದು, ಬೇರೆ ಟ್ಯೂನಿಂಗಿನ ಅವನ ಸ್ಪೇರ್ ಗಿಟಾರ್ ಇನ್ನೊಂದು, ಎರಡಕ್ಕೂ ಬೇರೆ ಬೇರೆ ಡಿಐ. ಹಾರ್ಮೋನಿಯಂ, ಖಂಜಿರ, ಕೊಳಲು ಒಂದೊಂದು ಮೈಕ್. ಕೀಬೋರ್ಡ್ ಎರಡು ಲೈನ್. ಹಾಡುಗಾರನಿಗೆ ಎಸ್‌ಎಂ58, ಹಿಂದೆ ಹಾಡುವ ಇಬ್ಬರಿಗೂ ಅದೇ ಮೈಕ್. ವೇದಿಕೆಯ ಎರಡು ಅಂಚಿನಲ್ಲಿ ಜನರ ಕಡೆ ಮುಖ ಮಾಡಿದ ಎರಡು ಕಂಡೆನ್ಸರ್ ಮೈಕ್.

32 ಚಾನೆಲಿನ ಡಿಜಿಟಲ್ ಮಿಕ್ಸರಿನಿಂದ ಒಂದು ಯುಎಸ್‌ಬಿ ಕೇಬಲ್, ಆ ಕಡೆ ಲ್ಯಾಪ್‌ಟಾಪಿನಲ್ಲಿ ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್. 48 ಕಿಲೋಹರ್ಟ್ಜ್, 24 ಬಿಟ್. 20 ಚಾನೆಲಿಗೆ ಗಂಟೆಗೆ 10 ಜಿಬಿ ಚಿಲ್ಲರೆ. ಈಗಿನ ಯಾವ ಎಸ್‌ಎಸ್‌ಡಿಗೂ ಇದು ಭಾರವಲ್ಲ. ಆದರೂ ಲ್ಯಾಪ್‌ಟಾಪನ್ನು ಪೂರ್ತಿ ನಂಬುವುದು ನನಗೆ ಆಗದ ಮಾತು. ಹಾಗಾಗಿ ಸಭಾಂಗಣದ ಹಿಂದಿನ ಸಾಲಿನ ಹತ್ತಿರ, ವೇದಿಕೆಯಿಂದ 18 ಮೀಟರ್ ದೂರದಲ್ಲಿ, ಕೈಯಲ್ಲಿ ಹಿಡಿಯುವ ಸಣ್ಣ ರೆಕಾರ್ಡರೊಂದನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಬಿಟ್ಟೆ. ಎರಡು ಪೆನ್ಸಿಲ್ ಸೆಲ್ ಹಾಕಿ, ಸುಮ್ನೆ ಇರಲಿ ಅಂತ.

ರೆಕಾರ್ಡಿಂಗಿಗೆ ಹೋಗುವ ಸಿಗ್ನಲ್ಲನ್ನು ಸದ್ದು ಏರಿಳಿಸುವ ಫೇಡರಿಗೂ ಮ್ಯೂಟ್ ಬಟನ್ನಿಗೂ ಮುಂಚೆಯೇ ತೆಗೆದುಕೊಂಡಿದ್ದೆ. ಹೊರಗೆ ಸ್ಪೀಕರಿನಲ್ಲಿ ಒಂದು ಚಾನೆಲನ್ನು ಮುಚ್ಚಿದರೂ ನನ್ನ ಹತ್ತಿರ ಅದು ಓಡುತ್ತಲೇ ಇರುತ್ತದೆ. ಆದರೆ ಒಳಬರುವ ಸಿಗ್ನಲ್ಲಿನ ಮಟ್ಟ ಇಡುವ ಗೇನ್ ಗುಂಡಿ ಹೊರಗಿನ ಸೌಂಡಿಗೂ ನನಗೂ ಒಂದೇ. ಹೊರಗಿನ ಸೌಂಡ್ ನೋಡಿಕೊಳ್ಳುವ ಹುಡುಗನ ಕೈ ಹಿಡಿದು ಹೇಳಿದೆ, ‘ಸೌಂಡ್ ಚೆಕ್ ಮುಗಿದ ಮೇಲೆ ಗೇನ್ ಮುಟ್ಟಬೇಡ ಮಾರಾಯ, ಏನಿದ್ದರೂ ಫೇಡರಲ್ಲಿ ಮಾಡು.’ ಸೌಂಡ್ ಚೆಕ್ಕಿನಲ್ಲಿ ಎಲ್ಲವೂ ಮೈನಸ್ 18 ಡಿಬಿ (ಡೆಸಿಬಲ್) ಸುತ್ತ ಇರಲಿ ಅಂತ ಇಟ್ಟೆ. ಜನ ಸೇರಿದ ಮೇಲೆ ಡ್ರಮ್ಮರ್ ಏಟು 6 ಡಿಬಿ ಏರಿತು. ಎಲ್ಲ ಡ್ರಮ್ಮರೂ ಹೀಗೇ.

ಸ್ಪೇರ್ ಗಿಟಾರಿಗೆ ಯಾಕೆ ಪೂರ್ತಿ ಒಂದು ಚಾನೆಲ್, ಎರಡೇ ಹಾಡಿಗೆ ತಾನೇ ಬೇಕು, ತೆಗೆದುಬಿಡಲಾ ಅಂತ ಮೈಸೂರಿನಲ್ಲಿ ಒಂದು ಸಲ ಅನಿಸಿತ್ತು. ಸೋಮಾರಿತನಕ್ಕೆ ಬಿಟ್ಟೆ.

ಮೈಸೂರು

ಮೊದಲ ರಾತ್ರಿ ಸೋತದ್ದು ಡ್ರಮ್ಸಿನ ಜಾಗದಿಂದ. ವೇದಿಕೆ ಸಣ್ಣದು. ಡ್ರಮ್ಸ್ ಹಾಡುಗಾರನ ಬೆನ್ನ ಹಿಂದೆ, ಎರಡೂವರೆ ಮೀಟರಿನಲ್ಲಿ. ಎಸ್‌ಎಂ58 ತನ್ನ ಹಿಂಬದಿಯ ಸದ್ದನ್ನು ಚೆನ್ನಾಗಿ ತಳ್ಳುತ್ತದೆ. ಆದರೆ ಹಾಡುವವನ ಹಿಂದೆ ಇರುವುದೆಲ್ಲ ಆ ಮೈಕಿನ ಎದುರಿಗೇ ಇರುತ್ತದೆ. ನಮ್ಮವನಿಗೆ ಒಂಟಿಯಾಗಿ ಹಾಡಿದ ಅಭ್ಯಾಸ. ಭಾವ ಬಂದಾಗ ಕಣ್ಣು ಮುಚ್ಚಿ ಅರ್ಧ ಅಡಿ ಹಿಂದೆ ಸರಿಯುತ್ತಾನೆ. ಅವನು ಸರಿದಾಗ ಆ ಜಾಗಕ್ಕೆ ಸ್ನೇರ್ ಡ್ರಮ್ ಬಂದು ಕೂರುತ್ತದೆ. ಅದೂ 7 ಮಿಲಿಸೆಕೆಂಡ್ ತಡವಾಗಿ, ಡಬ್ಬಿಯೊಳಗೆ ಬಡಿದ ಹಾಗೆ.

ಸದ್ದು ಸಣ್ಣದಾದಾಗ ಮೈಕನ್ನು ತಾನೇ ಮುಚ್ಚುವ ಗೇಟ್ ಹಾಕಿ ನೋಡಿದೆ. ಅವನು ಬಾಯಿ ತೆರೆದಾಗಲೆಲ್ಲ ಡ್ರಮ್ಸ್ ದೊಡ್ಡದಾಗುತ್ತದೆ, ಮುಚ್ಚಿದರೆ ಸಣ್ಣದಾಗುತ್ತದೆ. ಇಡೀ ಬ್ಯಾಂಡ್ ಏದುಸಿರು ಬಿಟ್ಟ ಹಾಗೆ ಕೇಳುತ್ತದೆ. ಮೈಸೂರಿನ ಟೇಪನ್ನು ಅಲ್ಲಿಗೆ ಬದಿಗಿಟ್ಟೆ.

ಸಾಗರದಲ್ಲಿ ಡ್ರಮ್ಸನ್ನು ಎಡಗಡೆಗೆ ಓರೆಯಾಗಿ ಎಳೆದೆವು. ಕೆಳಗೆ ನವಲಗುಂದದ ಜಮಖಾನ ಹಾಸಿ, ಇನ್ನೊಂದನ್ನು ಹಿಂದೆ ಹಗ್ಗಕ್ಕೆ ನೇತುಹಾಕಿದೆವು. ಜಮಖಾನ ಪೇಟಿ ಮಾಸ್ತರರದ್ದು. ಹಾರ್ಮೋನಿಯಂ ನುಡಿಸುವವರನ್ನು ನಾವು ಹಾಗೇ ಕರೆಯುವುದು, ಧಾರವಾಡದ ಕಡೆಯವರು. ‘ನಾ ಇದರ ಮ್ಯಾಲೆ ಕುಂತು ನುಡಸಾವ, ನೀವು ಡ್ರಮ್ಮಿಗೆ ಹಾಸತೀರಲ್ರಿ’ ಅಂತ ಮುಖ ಸಿಂಡರಿಸಿಕೊಂಡೇ ಕೊಟ್ಟರು.

ಸಾಗರ

ಮೈಸೂರಿನಿಂದ ಸಾಗರಕ್ಕೆ ವ್ಯಾನಿನಲ್ಲಿ ಬರುವಾಗ ಮಾಸ್ತರರ ಪೇಟಿಯ ಒಂದು ರೀಡ್ ಕಚ್ಚಿಕೊಂಡಿತು. ಒತ್ತಿದರೆ ಸ್ವರವೇ ಇಲ್ಲ. ಊರಿನ ಒಂದು ಭಜನಾ ಮಂಡಳಿಯವರು ಅವರ ಪೇಟಿ ಕೊಟ್ಟರು. ಒಳ್ಳೆಯ ಪೇಟಿ, ಆದರೆ ಶ್ರುತಿ ಒಂದು ಕೂದಲು ಮೇಲೆ. ಟ್ಯೂನರ್ ಹಿಡಿದರೆ ಎ ಸ್ವರ 440 ಹರ್ಟ್ಜ್ ಇರಬೇಕಾದ ಕಡೆ 443 ತೋರಿಸಿತು. ಪೇಟಿಯನ್ನು ನಿಂತ ನಿಲುವಿನಲ್ಲಿ ಟ್ಯೂನ್ ಮಾಡಲು ಬರುವುದಿಲ್ಲ, ಗಿಟಾರನ್ನು ಮಾಡಬಹುದು. ಎಲ್ಲರೂ 443ಕ್ಕೆ ತಂತಿ ಬಿಗಿದರು. ಕೀಬೋರ್ಡಿನ ಸೆಟ್ಟಿಂಗೂ ಬದಲಾಯಿತು. ಕೊಳಲಿನವರು ತುಟಿಯಲ್ಲೇ ಸರಿ ಮಾಡಿಕೊಂಡರು.

ಮೇ ತಿಂಗಳು. ಸಂಜೆಯಿಂದಲೇ ಅಡ್ಡಮಳೆಯ ಗಾಳಿ ಎದ್ದಿತ್ತು. ಐದನೇ ಹಾಡು ಶಿಶುನಾಳ ಶರೀಫರ ತತ್ವಪದ. ಅವನದಲ್ಲದ ಹಾಡು ಅಂತ ಇಡೀ ಪಟ್ಟಿಯಲ್ಲಿ ಇದ್ದದ್ದು ಅದೊಂದೇ. ಎರಡನೇ ಚರಣದ ನಡುವೆ ಕರೆಂಟ್ ಹೋಯಿತು.

ಮಿಕ್ಸರ್ ಮತ್ತು ಲ್ಯಾಪ್‌ಟಾಪ್ ಯುಪಿಎಸ್ ಮೇಲೆ ಇದ್ದವು. ಸ್ಪೀಕರಿನ ಆಂಪ್‌ಗಳು ಇರಲಿಲ್ಲ. ಅಂದರೆ ಹೊರಗೆ ಸದ್ದು ಸತ್ತಿತು, ಒಳಗೆ ರೆಕಾರ್ಡಿಂಗ್ ನಡೆಯುತ್ತಲೇ ಇತ್ತು. ನನಗೆ ಹೆಡ್‌ಫೋನಿನಲ್ಲಿ ಮೊದಲು ಗೊತ್ತಾದದ್ದು ಕತ್ತಲೆಯಲ್ಲ, ಫ್ಯಾನು. ಹದಿನಾರು ಫ್ಯಾನು ನಿಧಾನವಾಗಿ ನಿಂತವು. ಅಷ್ಟು ಹೊತ್ತು ಅವು ತಿರುಗುತ್ತಿದ್ದವು ಅನ್ನುವುದೇ ನನ್ನ ಗಮನದಲ್ಲಿ ಇರಲಿಲ್ಲ. ಸಭಾಂಗಣದ ತಳದ ಸದ್ದು ಒಮ್ಮೆಲೇ ಕುಸಿಯಿತು.

ಹಾಡುಗಾರ ಎರಡು ಸಾಲು ಮೈಕಿಗೇ ಹಾಡಿದ. ಆಮೇಲೆ ಗೊತ್ತಾಯಿತು. ಗಿಟಾರಿನ ಕೇಬಲ್ ಕಿತ್ತು ವೇದಿಕೆಯ ಅಂಚಿಗೆ ಬಂದ. ಡ್ರಮ್ಮರ್ ಕಡ್ಡಿ ಕೆಳಗಿಟ್ಟ. ಪೇಟಿ ಮತ್ತು ಖಂಜಿರ ಬಿಡಲಿಲ್ಲ. ಮೂರನೇ ಸಾಲಿನಿಂದ ಒಬ್ಬ ಹೆಂಗಸು ಪಲ್ಲವಿ ಎತ್ತಿಕೊಂಡರು. ಆಮೇಲೆ ಎಲ್ಲರೂ. ನಾಲ್ಕು ನಿಮಿಷ ಹೀಗೇ ನಡೆಯಿತು. ಹಾಡು ಮುಗಿಯುವ ಹೊತ್ತಿಗೆ ಹೊರಗೆ ಪೆಂಡಾಲಿನವರ ಜನರೇಟರ್ ಕೆಮ್ಮಿ, ಇನ್ನೊಮ್ಮೆ ಕೆಮ್ಮಿ, ಹಿಡಿದುಕೊಂಡಿತು.

ಅಲ್ಲಿಂದ ಬ್ಯಾಂಡ್ ನುಡಿಸಿದ ರೀತಿಯೇ ಬೇರೆ. ನಾನು ಖುಷಿಯಲ್ಲಿ ತೇಲುತ್ತಿದ್ದೆ. ಯುಪಿಎಸ್ ಬ್ಯಾಟರಿ ಇಳಿಯುತ್ತಿದೆ ಅಂತ ಕೈಗೆ ಸಿಕ್ಕ ಇನ್ನೊಂದು ಎಕ್ಸ್‌ಟೆನ್ಶನ್ ಎಳೆದು ಜನರೇಟರಿಗೆ ಸಿಕ್ಕಿಸಿದೆ. ವೇದಿಕೆಗೆ ಒಂದು ವೈರು, ಮಿಕ್ಸರಿಗೆ ಇನ್ನೊಂದು ವೈರು. ಎರಡರ ಅರ್ತ್ ಎರಡು ದಾರಿ. ಆ ಎರಡು ದಾರಿಯ ನಡುವೆ ಮೈಕ್ ಕೇಬಲಿನ ಶೀಲ್ಡ್ ಸೇತುವೆಯಾಯಿತು. ಆ ‘ಗುಂಯ್’, ನಮ್ಮ ಭಾಷೆಯಲ್ಲಿ ಹಮ್, ಬಂದದ್ದು ಹೀಗೆ. ಬಾಸಿನ ಡಿಐ ಪೆಟ್ಟಿಗೆಯ ಪಕ್ಕದಲ್ಲಿ ಈ ಸೇತುವೆಯನ್ನು ಕಡಿಯುವ ‘ಗ್ರೌಂಡ್ ಲಿಫ್ಟ್’ ಅಂತ ಒಂದು ಸಣ್ಣ ಸ್ವಿಚ್ ಇರುತ್ತದೆ. ಅದನ್ನು ಉಗುರಿನಲ್ಲಿ ಆ ಕಡೆ ತಳ್ಳಿದ್ದರೆ ಈ ಬರಹದ ಅರ್ಧ ಇರುತ್ತಿರಲಿಲ್ಲ. ತಪ್ಪು ನನ್ನದೇ. ಅಷ್ಟು ಗಲಾಟೆಯ ನಡುವೆ ಕರೆಂಟಿನ 50 ಹರ್ಟ್ಜ್ ಹಮ್ ಹೆಡ್‌ಫೋನಿನಲ್ಲಿ ಕೇಳಿಸಲಿಲ್ಲ ಅನ್ನುವುದು ನೆಪ. ಮೀಟರ್ ನೋಡಿದ್ದರೆ ಕಾಣುತ್ತಿತ್ತು.

ಮೂರನೇ ರಾತ್ರಿ ಧಾರವಾಡದಲ್ಲಿ ಎಲ್ಲ ಲಿಫ್ಟ್ ಸ್ವಿಚ್ಚನ್ನೂ ಒತ್ತಿ, ಎಲ್ಲ ಪ್ಲಗ್ಗನ್ನೂ ಒಂದೇ ಬೋರ್ಡಿಗೆ ಹಾಕಿ, ಮೀಟರ್ ನೋಡಿ, ಮತ್ತೊಮ್ಮೆ ನೋಡಿ ರೆಕಾರ್ಡ್ ಮಾಡಿದೆ. ಮಾಸ್ತರರ ಸ್ವಂತ ಪೇಟಿಯೂ ರಿಪೇರಿಯಾಗಿ ಬಂದಿತ್ತು. ಟೇಪ್ ಗಾಜಿನ ಹಾಗೆ ಸ್ವಚ್ಛ. ಬ್ಯಾಂಡ್ ಪರೀಕ್ಷೆ ಬರೆದ ಹಾಗೆ ನುಡಿಸಿತು. ಒಂದು ತಪ್ಪೂ ಇಲ್ಲ, ಎರಡನೇ ಸಲ ಕೇಳಬೇಕು ಅನಿಸುವುದೂ ಇಲ್ಲ.

ಹಮ್ ತೆಗೆಯುವುದು

ಆಲ್ಬಮ್ ಸಾಗರದ ರಾತ್ರಿಯದೇ ಆಗಬೇಕು ಅಂತ ಹಾಡುಗಾರನೂ ನಾನೂ ಒಂದು ಫೋನಿನಲ್ಲೇ ತೀರ್ಮಾನ ಮಾಡಿದೆವು. ಬಾಸ್ ಹುಡುಗ ಸುಲಭದ ದಾರಿ ಹೇಳಿದ. ‘ಅಣ್ಣಾ, ನಾನು ನಿಮ್ಮ ರೂಮಿಗೆ ಬಂದು ಅರ್ಧ ದಿನದಲ್ಲಿ ಎಲ್ಲಾ ಮತ್ತೆ ನುಡಿಸಿಬಿಡ್ತೀನಿ.’ ಲೈವ್ ಅಂತ ಹೆಸರಿಟ್ಟು ಸ್ಟುಡಿಯೋದಲ್ಲಿ ಮತ್ತೆ ನುಡಿಸಿದ ಆಲ್ಬಮ್‌ಗಳು ಬೇಕಾದಷ್ಟಿವೆ, ಅದೇನು ಮಹಾಪಾಪ ಅಲ್ಲ. ಹಾಡುಗಾರ ಮಾತ್ರ ಬೇಡ ಅಂದ. ಆ ಸಂಜೆ ಆ ಹಾಲ್‌ನಲ್ಲಿ ಇಲ್ಲದ ಸದ್ದು ಯಾವುದೂ ಒಳಗೆ ಬರಬಾರದು. ಷರತ್ತು ಅಷ್ಟೇ.

ಮೊದಲ ಪ್ರಯತ್ನ ಎಲ್ಲರೂ ಮಾಡುವುದೇ: 50, 100, 150 ಹರ್ಟ್ಜ್‌ಗಳಲ್ಲಿ ಚೂಪಾದ ನಾಚ್, ಅಂದರೆ ಆ ಕಂಪನವನ್ನು ಮಾತ್ರ ಕತ್ತರಿಸುವ ಫಿಲ್ಟರ್. ಹಮ್ ಹೋಯಿತು. ಬಾಸೂ ಹೋಯಿತು. ಯಾಕೆ ಅಂತ ಎರಡು ದಿನ ತಲೆ ಕೆರೆದುಕೊಂಡೆ. ಆಮೇಲೆ ಲೆಕ್ಕ ಹಾಕಿದರೆ ನಗು ಬಂತು. ಬಾಸ್ ಗಿಟಾರಿನ ಕೆಳಗಿನ ಜಿ ಸ್ವರ 49 ಹರ್ಟ್ಜ್. ಅವತ್ತು ಭಜನೆ ಪೇಟಿಯ ಶ್ರುತಿಗೆ ಏರಿಸಿದ್ದರಿಂದ 49.3. ಆರನೇ ಹಾಡಿನ ಶ್ರುತಿ ಜಿ. ಮಾಸ್ತರರ ಭಾಷೆಯಲ್ಲಿ ಬಿಳಿ ಐದು, ಪೇಟಿಯಲ್ಲಿ ಸಿ ಸ್ವರದಿಂದ ಐದನೇ ಬಿಳಿ ಮನೆ. ನಾಚ್ ಹಾಕಿ ನಾನು ಕತ್ತರಿಸುತ್ತಿದ್ದದ್ದು ಹಾಡಿನ ಷಡ್ಜವನ್ನೇ.

ಇನ್ನೂ ಒಂದು ತಮಾಷೆ. ಗ್ರಿಡ್ಡಿನಿಂದ ಬರುವ ಕರೆಂಟಿನ ಹಮ್ ಒಂದೇ ಕಡೆ ನಿಲ್ಲುತ್ತದೆ. ನಮ್ಮ ದೇಶದ ಗ್ರಿಡ್ಡನ್ನು 49.90ರಿಂದ 50.05 ಹರ್ಟ್ಜ್ ಒಳಗೆ ಇಡಬೇಕು ಅಂತ ನಿಯಮವೇ ಇದೆ. ಡೀಸೆಲ್ ಜನರೇಟರಿಗೆ ಆ ಶಿಸ್ತಿಲ್ಲ. ಭಾರ ಬಿದ್ದರೆ ಎಂಜಿನ್ ಸ್ವಲ್ಪ ನಿಧಾನವಾಗುತ್ತದೆ, ಹರ್ಟ್ಜ್ ಇಳಿಯುತ್ತದೆ. ಸ್ಪೆಕ್ಟ್ರಮ್ ತೆಗೆದು ನೋಡಿದೆ. ಲೈಟಿನವನು ದೀಪ ಇಳಿಸಿದಾಗ ಹಮ್ 50.8. ಪಲ್ಲವಿಗೆ ಎಲ್ಲ ದೀಪ ಏರಿಸಿದಾಗ 49.4. ಅಂದರೆ ಪ್ರತಿ ಪಲ್ಲವಿಗೂ ಜನರೇಟರ್ ಹೆಚ್ಚುಕಡಿಮೆ ಬಿಳಿ ಐದಕ್ಕೆ ಶ್ರುತಿ ಸೇರಿಸುತ್ತಿತ್ತು! ಚರಣಕ್ಕೆ ಬಂದಾಗ ಮತ್ತೆ ಅಪಶ್ರುತಿ. ಮಾಸ್ತರರಿಗೆ ಇದನ್ನು ಹೇಳಿದಾಗ ‘ಅದಕ್ಕೂ ಸಂಗೀತ ಬರ್ತದ ಬಿಡ್ರಿ’ ಅಂದರು.

ಎರಡನೇ ಪ್ರಯತ್ನ, ಎರಡು ಹಾಡಿನ ನಡುವಿನ ಬರೀ ಹಮ್ಮನ್ನು ಮಾದರಿಯಾಗಿ ಕೊಟ್ಟು ಉಳಿದ ಕಡೆ ಕಳೆಯುವುದು. ರೀಪರಿನಲ್ಲೇ ಇರುವ ರೀಯಾಎಫ್‌ಐಆರ್ ಇದನ್ನು ಮಾಡುತ್ತದೆ. ಮಾದರಿ ತೆಗೆದಾಗ 50.6 ಇದ್ದ ಹಮ್ ಹಾಡಿನೊಳಗೆ ಎಲ್ಲೆಲ್ಲೋ ಓಡಾಡುತ್ತಿತ್ತು. ಜಾಸ್ತಿ ಕಳೆದರೆ ಬಾಸ್ ನೀರಿನಲ್ಲಿ ಮುಳುಗಿ ನುಡಿಸಿದಂತೆ. ಕಡಿಮೆ ಕಳೆದರೆ ಏನೂ ಬದಲಾಗಲಿಲ್ಲ.

ನಾಲ್ಕನೇ ದಿನ ರಾತ್ರಿ ಬೇರೇನೋ ಹುಡುಕುತ್ತಾ ಸ್ಪೇರ್ ಗಿಟಾರಿನ ಟ್ರ್ಯಾಕ್ ತೆರೆದೆ. ಆರನೇ ಹಾಡಿನಿಂದ ಅದರಲ್ಲೂ ಹಮ್. ಬರೀ ಹಮ್. ಗಿಟಾರ್ ಸ್ಟ್ಯಾಂಡಿನಲ್ಲಿ ನಿಂತಿತ್ತು, ವಾಲ್ಯೂಮ್ ಗುಂಡಿ ಸೊನ್ನೆಯಲ್ಲಿತ್ತು, ಆದರೆ ಕೇಬಲ್ ಸಿಕ್ಕಿಸಿಯೇ ಇತ್ತು. ವೇದಿಕೆಯ ಕೇಬಲುಗಳೆಲ್ಲ ಸೇರುವ ಸ್ಟೇಜ್ ಬಾಕ್ಸಿದೆಯಲ್ಲ, ಬಾಸಿನ ಡಿಐ ಹೋದ ಅದೇ ಬಾಕ್ಸಿಗೇ ಇದರದ್ದೂ ಹೋಗಿತ್ತು. ಅದೇ ಕಳ್ಳ ಎರಡು ಮನೆಗೆ ನುಗ್ಗಿದ್ದ. ಒಂದು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಆ ಟ್ರ್ಯಾಕನ್ನು ತಲೆಕೆಳಗು ಮಾಡಿ ಬಾಸಿಗೆ ಸೇರಿಸಿದರೆ ಹಮ್ಮು ಹಮ್ಮನ್ನು ತಿನ್ನಬೇಕು. ಜನರೇಟರ್ ಎತ್ತ ಓಡಿದರೂ ಇದೂ ಅತ್ತಲೇ ಓಡುತ್ತದೆ, ಯಾಕೆಂದರೆ ಎರಡೂ ಅದೇ ಕ್ಷಣದ್ದು. ಸುಮ್ಮನೆ ಸೇರಿಸಿದಾಗ ಅರ್ಧ ಮಾತ್ರ ಹೋಯಿತು. ಎರಡು ಟ್ರ್ಯಾಕಿನಲ್ಲಿ 50, 100, 150ರ ಪ್ರಮಾಣ ಬೇರೆ ಬೇರೆ ಇತ್ತು. ಹಾಗಾಗಿ ಸ್ಪೇರ್ ಟ್ರ್ಯಾಕನ್ನು ಮೂರು ಪ್ರತಿ ಮಾಡಿ, ಒಂದೊಂದರಲ್ಲಿ ಒಂದೊಂದು ಪಟ್ಟಿಯನ್ನು ಮಾತ್ರ ಉಳಿಸಿ, ಪ್ರತಿಯೊಂದಕ್ಕೂ ಬೇರೆ ಮಟ್ಟ, ಬೇರೆ ತಡ ಕೊಟ್ಟೆ. 48 ಕಿಲೋಹರ್ಟ್ಜ್‌ನಲ್ಲಿ 50 ಹರ್ಟ್ಜ್‌ನ ಒಂದು ಅಲೆ ಅಂದರೆ 960 ಸ್ಯಾಂಪಲ್, ಸದ್ದಿನ 960 ಬಿಡಿ ಅಳತೆ. ಅದರಲ್ಲಿ 15 ಸ್ಯಾಂಪಲ್ ತಪ್ಪಿದರೆ ಹಮ್ಮಿನ ಹತ್ತನೇ ಒಂದು ಭಾಗ ಉಳಿದುಬಿಡುತ್ತದೆ. 150 ಹರ್ಟ್ಜ್‌ನಲ್ಲಿ ಅದೇ 15 ತಪ್ಪಿದರೆ ಕಾಲು ಭಾಗಕ್ಕಿಂತ ಜಾಸ್ತಿ. ಮೌಸಿನಲ್ಲಿ ಒಂದೊಂದೇ ಸ್ಯಾಂಪಲ್ ಸರಿಸುತ್ತಾ ಕೂತೆ. ಬೆಳಗಿನ ಹಾಲಿನವನು ಬರುವ ಹೊತ್ತಿಗೆ ಬಾಸ್ ಎದ್ದು ನಿಂತಿತ್ತು. ಜಿ ಸ್ವರ ಜಿ ಸ್ವರದ ಹಾಗೇ.

ಹತ್ತನೇ ಹಾಡಿಗೆ ಒಂದು ತೊಡಕು. ಅದರಲ್ಲಿ ಸ್ಪೇರ್ ಗಿಟಾರನ್ನೇ ನುಡಿಸಿದ್ದ. ಆದರೆ ಆಗ ಮೊದಲನೇ ಗಿಟಾರ್ ಸ್ಟ್ಯಾಂಡಿನಲ್ಲಿತ್ತು, ಗುಂಡಿ ಸೊನ್ನೆ ಮಾಡಿ. ಅದನ್ನೇ ತೆಗೆದುಕೊಂಡೆ. ಗಿಟಾರ್ ಬದಲಿಸುವಾಗ ಗುಂಡಿ ತಿರುಗಿಸಿ ಇಡುವ ಅವನ ಹಳೆಯ ಶಿಸ್ತಿಗೆ ಒಂದು ಮಸಾಲೆ ದೋಸೆ ಬಾಕಿ ಇದೆ.

ಕರಕರ, ಮತ್ತು ಪೇಟಿ ಮಾಸ್ತರರ ಕಿವಿ

ಒಂಬತ್ತನೇ ಹಾಡಿನಲ್ಲಿ ಹಾಡುಗಾರನ ಮೈಕ್ ಕೇಬಲ್ ಎರಡು ಸಾಲಿನ ಉದ್ದಕ್ಕೂ ಕರಕರ ಅಂದಿತ್ತು. ಕೇಬಲ್ ತುಳಿದು ತುಳಿದು ಸೋಲ್ಡರ್ ಬಿಟ್ಟಿತ್ತು. ಒಂದೊಂದು ಕರಕರವೂ 5ರಿಂದ 20 ಮಿಲಿಸೆಕೆಂಡ್. ಒಂಟಿ ಇದ್ದರೆ ಪೆನ್ಸಿಲ್ ಸಾಧನದಲ್ಲಿ ಅಲೆಯನ್ನು ಕೈಯಲ್ಲೇ ಬರೆದು ಮುಚ್ಚಬಹುದು. ಇಲ್ಲಿ ಒಂದರ ಮೇಲೊಂದು.

ಧಾರವಾಡದಿಂದ ಆ ಎರಡು ಸಾಲು ತರೋಣ ಅಂದುಕೊಂಡೆ. ಬರೀ ದನಿ ತರಲು ಆಗುವುದಿಲ್ಲ. ಆ ಮೈಕಿನಲ್ಲಿ ಧಾರವಾಡದ ಡ್ರಮ್ಸೂ ಸೋರಿರುತ್ತದೆ. ಎರಡು ಊರಿನ ಡ್ರಮ್ಸ್ ಒಟ್ಟಿಗೆ ಕೇಳಿದರೆ ಮೆಟ್ಟಿಲಿನಿಂದ ಪಾತ್ರೆ ಉರುಳಿದ ಹಾಗೆ. ಹಾಗಾಗಿ ಎಂಟು ಬಾರ್ (ತಾಳದ ಎಂಟು ಸುತ್ತು) ಇಡೀ ಬ್ಯಾಂಡನ್ನೇ ಕತ್ತರಿಸಿ ತಂದೆ. ಸಾಗರದಲ್ಲಿ ನಿಮಿಷಕ್ಕೆ 94 ಏಟು, ಧಾರವಾಡದಲ್ಲಿ 97. ನಿಧಾನ ಮಾಡಿದೆ. ಶ್ರುತಿ 440ರಿಂದ 443ಕ್ಕೆ, ಅಂದರೆ 12 ಸೆಂಟ್ಸ್ (ಅರ್ಧ ಸ್ವರದ ನೂರನೇ ಒಂದು ಭಾಗ ಒಂದು ಸೆಂಟ್) ಏರಿಸಿದೆ. ಸ್ನೇರ್ ಏಟಿನ ಅಡಿಯಲ್ಲಿ ಕೀಲು ಬಚ್ಚಿಟ್ಟೆ. ಡ್ರಮ್ಮರಿಗೆ ಕೇಳಿಸಿದೆ, ಗೊತ್ತಾಗಲಿಲ್ಲ. ಬಾಸಿನವನಿಗೂ ಇಲ್ಲ. ಹಾಡುಗಾರನಿಗೂ ಇಲ್ಲ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮಾಸ್ತರರಿಗೆ ಫೋನಿನಲ್ಲಿ ಕಳಿಸಿದೆ. ಫೋನಿನ ಸ್ಪೀಕರಿನಲ್ಲೇ ಕೇಳಿ ಐದು ನಿಮಿಷದಲ್ಲಿ ವಾಪಸ್ ಕರೆ ಮಾಡಿದರು. ‘ನಡುವ ನನ್ನ ಪೇಟಿ ಎಲ್ಲಿಂದ ಬಂತ್ರಿ? ಅವತ್ತು ನಾ ನುಡಿಸಿದ್ದು ಭಜನಿ ಪೇಟಿ.’

ಆ ಎಂಟು ಬಾರನ್ನು ಡಿಲೀಟ್ ಮಾಡಿದೆ. ಷರತ್ತನ್ನೂ ಮುರಿದಿದ್ದೆ, ಅದು ಬೇರೆ ನಾಚಿಕೆ.

ಕೊನೆಗೆ ಸಿಕ್ಕಿದ್ದು ಪಕ್ಕದಲ್ಲೇ. ಹಿಂದೆ ಹಾಡುವ ಹುಡುಗಿ ಅವನಿಂದ ಒಂದು ಮೀಟರ್ ದೂರದಲ್ಲಿ ನಿಂತಿದ್ದಳು. ಆ ಎರಡು ಸಾಲಿನಲ್ಲಿ ಅವಳಿಗೆ ಹಾಡು ಇರಲಿಲ್ಲ. ಅವಳ ಮೈಕಿನಲ್ಲಿ ಇವನ ದನಿ ಸಣ್ಣದಾಗಿ, ಆದರೆ ಪೂರ್ತಿಯಾಗಿ ಇತ್ತು. ಅದನ್ನು ಏರಿಸಿ, 3 ಮಿಲಿಸೆಕೆಂಡ್ ಮುಂದಕ್ಕೆ ಎಳೆದು, ಕರಕರ ಬಂದ ತುಣುಕುಗಳಲ್ಲಿ ಮಾತ್ರ ಹೊಲಿದೆ. ಆ ಎರಡು ಸಾಲಿನಲ್ಲಿ ಅವನು ಮೈಕಿನಿಂದ ಸ್ವಲ್ಪ ದೂರ ನಿಂತ ಹಾಗೆ ಕೇಳಿಸುತ್ತಾನೆ. ದೂರ ನಿಲ್ಲುವುದು ಅವನ ಚಾಳಿಯೇ ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಕತ್ತಲೆಯ ನಾಲ್ಕು ನಿಮಿಷ

ಐದನೇ ಹಾಡಿನ ಫೈಲುಗಳನ್ನು ತೆರೆಯಲು ಭಯವಿತ್ತು. ಅವನು ವೇದಿಕೆ ಅಂಚಿಗೆ ಬಂದು ನಿಂತದ್ದು ವೇದಿಕೆಯ ಅಂಚಿನಲ್ಲಿ ಇಟ್ಟಿದ್ದ ನನ್ನ ಎರಡು ಕಂಡೆನ್ಸರ್ ಮೈಕಿನ ಬೆನ್ನ ಹಿಂದೆ. ಅವು ಜನರ ಕಡೆ ಮುಖ ಮಾಡಿದವು. ಬೆನ್ನ ಹಿಂದಿನದನ್ನು ಕೇಳಬಾರದು ಅಂತಲೇ ಅವುಗಳನ್ನು ಮಾಡಿರುವುದು. ಅವುಗಳಲ್ಲಿ ಜನ ಅದ್ಭುತವಾಗಿ ಹಾಡುತ್ತಿದ್ದಾರೆ, ಹಾಡುಗಾರ ಮಾತ್ರ ಕಂಬಳಿ ಹೊದ್ದುಕೊಂಡಿದ್ದಾನೆ.

ಉಳಿದದ್ದು ಪೆನ್ಸಿಲ್ ಸೆಲ್ಲಿನ ಆ ಸಣ್ಣ ರೆಕಾರ್ಡರ್. ಅದರಲ್ಲಿ ಎಲ್ಲವೂ ಇತ್ತು. ಅವನ ದನಿ, ಪೇಟಿ, ಖಂಜಿರ, ಜನ, ಗಾಳಿಗೆ ಬಡಿಯುವ ಕಿಟಕಿ, ಒಂದು ಮಗುವಿನ ಪ್ರಶ್ನೆ. ಫ್ಯಾನು ನಿಂತಿದ್ದಕ್ಕೆ ಇದು ಸಾಧ್ಯವಾಯಿತು. ಅವು ತಿರುಗುತ್ತಿದ್ದರೆ 18 ಮೀಟರ್ ದೂರದ ಬರೀ ದನಿ ಅದರಡಿ ಮುಚ್ಚಿಹೋಗುತ್ತಿತ್ತು.

ತೊಂದರೆ ಗಡಿಯಾರದ್ದು. ಮಿಕ್ಸರಿನ ಗಡಿಯಾರ ಬೇರೆ, ಈ ರೆಕಾರ್ಡರಿನದು ಬೇರೆ. ಶುರುವಿನ ಚಪ್ಪಾಳೆಗೆ ಎರಡನ್ನೂ ಕೂಡಿಸಿದರೆ, 1 ಗಂಟೆ 50 ನಿಮಿಷದ ಕೊನೆಯಲ್ಲಿ 130 ಮಿಲಿಸೆಕೆಂಡ್ ಬಿಟ್ಟುಹೋಗಿತ್ತು. ಇಡೀ ಫೈಲನ್ನು ಹಿಗ್ಗಿಸುವ ಬದಲು ಪ್ರತಿ ಹಾಡಿನ ಶುರುವಿನಲ್ಲಿ ಡ್ರಮ್ ಕಡ್ಡಿಯ ಏಟಿಗೆ ಬೇರೆ ಬೇರೆಯಾಗಿ ಕೂಡಿಸಿದೆ. ಐದು ನಿಮಿಷದ ಹಾಡಿನಲ್ಲಿ ಜಾರುವುದು 6 ಮಿಲಿಸೆಕೆಂಡ್. ಸಭಾಂಗಣದ ಸದ್ದಿಗೆ ಅದು ನಡೆಯುತ್ತದೆ.

ಕೀಲು ಹಾಕಬೇಕಾದದ್ದು ಅವನು ಮೈಕ್ ಬಿಟ್ಟು ನಡೆದ ಜಾಗದಲ್ಲಿ. ಗಿಟಾರ್ ಕೇಬಲ್ ಕಿತ್ತಾಗ ಬಂದ ‘ಠಪ್’ ಮೀಟರನ್ನು ಕೆಂಪಿಗೆ ಮುಟ್ಟಿಸಿತ್ತು. ಅದನ್ನು 12 ಡಿಬಿ ಇಳಿಸಿ ಉಳಿಸಿಕೊಂಡೆ. ಪೂರ್ತಿ ತೆಗೆದರೆ ಯಾಕೆ ಎಲ್ಲ ಒಮ್ಮೆಲೇ ದೂರವಾಯಿತು ಅನ್ನುವುದು ಕೇಳುಗನಿಗೆ ಅರ್ಥವಾಗುವುದಿಲ್ಲ. ಠಪ್ ಆದ ಮೇಲೆ ಮೂರು ಸೆಕೆಂಡಿನಲ್ಲಿ ವೇದಿಕೆಯ ಮೈಕುಗಳನ್ನು ಇಳಿಸಿ, ರೆಕಾರ್ಡರನ್ನು ಏರಿಸಿದೆ. ಜನರ ಎರಡು ಮೈಕನ್ನು ಎಡಬಲಕ್ಕೆ ಸ್ವಲ್ಪವೇ ಬಿಟ್ಟೆ. ಅಲ್ಲಿ ಇನ್ನೇನೂ ಮುಟ್ಟಿಲ್ಲ. ರಿವರ್ಬ್ ಕೂಡ ಇಲ್ಲ.

ಆಮೇಲೆ ಜನರೇಟರ್ ಕೆಮ್ಮು. ಹಾಡಿನ ಕೊನೆಯ ಸಾಲಿನ ಮೇಲೆಯೇ ಅದು ಶುರುವಾಗುತ್ತದೆ. ತೆಗೆಯಬಹುದಿತ್ತು. ಹಾಡುಗಾರನನ್ನು ಕೇಳಿದೆ. ‘ಅದೂ ಆ ಹಾಲ್‌ನಲ್ಲೇ ಇತ್ತಲ್ಲ’ ಅಂದ.

ಉಳಿದದ್ದು

ಉಳಿದ ಹಾಡುಗಳಲ್ಲಿ ಆ ರೆಕಾರ್ಡರನ್ನು ಹಿಂದೆ ತೆಳುವಾಗಿ ಇಟ್ಟೆ. 18 ಮೀಟರ್ ಅಂದರೆ 52 ಮಿಲಿಸೆಕೆಂಡ್ ತಡ. ಹಾಗೇ ಬಿಟ್ಟರೆ ಸ್ನೇರ್ ಎರಡು ಸಲ ಹೊಡೆದಂತೆ. ಪೂರ್ತಿ ಮುಂದಕ್ಕೆ ಎಳೆದರೆ ಸಭಾಂಗಣವೇ ಮಾಯ. 15 ಮಿಲಿಸೆಕೆಂಡ್ ಉಳಿಸಿಕೊಂಡೆ. ಇದು ಪುಸ್ತಕದ ಲೆಕ್ಕವಲ್ಲ, ಕಿವಿಯದ್ದು. ಚಪ್ಪಾಳೆ ಬೇರೆ ಊರಿನಿಂದ ತಂದು ಹಚ್ಚಿಲ್ಲ. ಏಳನೇ ಹಾಡಿಗೆ ಚಪ್ಪಾಳೆ ಕಡಿಮೆ. ಇರಲಿ, ಹಾಡೂ ಸ್ವಲ್ಪ ಹಾಗೇ.

ಟ್ರ್ಯಾಕ್ ಕತ್ತರಿಸುವಾಗ ಒಂದು ಸಣ್ಣ ಉಪಾಯ. ಹಾಡಿನ ಮುಂಚೆ ಅವನು ಆಡುವ ಮಾತನ್ನು ಹಿಂದಿನ ಟ್ರ್ಯಾಕಿನ ಬಾಲಕ್ಕೆ ಸೇರಿಸಿದೆ. ಒಂದೇ ಹಾಡು ಹಾಕಿಕೊಂಡವರಿಗೆ ನೇರ ಹಾಡು ಶುರು. ಸಾಲಾಗಿ ಕೇಳುವವರಿಗೆ ಮಾತೂ ಸಿಗುತ್ತದೆ. ಕೀಲುಗಳಲ್ಲಿ ಖಾಲಿ ಬಿಡಬಾರದು, ಚಪ್ಪಾಳೆ ನಡುವೆ ಅರ್ಧ ಸೆಕೆಂಡ್ ಮೌನ ಬಂದರೆ ಇಡೀ ಹಾಲ್ ಕುಸಿದುಬಿದ್ದಂತೆ.

ಅಂತಿಮ ಪ್ರತಿಯ (ಮಾಸ್ಟರ್) ಒಟ್ಟಾರೆ ಸದ್ದಿನ ಮಟ್ಟ ಸುಮಾರು ಮೈನಸ್ 14 ಲಫ್ಸ್. ಕತ್ತಲೆಯ ನಾಲ್ಕು ನಿಮಿಷ ಮಾತ್ರ ಅದಕ್ಕಿಂತ 9 ಡಿಬಿ ಕೆಳಗೆ. ಏರಿಸು, ಜನ ಫೋನಿನಲ್ಲಿ ಕೇಳ್ತಾರೆ ಅಂತ ಇಬ್ಬರು ಹೇಳಿದರು. ಏರಿಸಿದರೆ ಕತ್ತಲೆಯಾದದ್ದೇ ಗೊತ್ತಾಗುವುದಿಲ್ಲ. ಏರಿಸಲಿಲ್ಲ.

ಕಾಗದದ ಕೆಲಸ ಬೇಗ ಮುಗಿಯಿತು. ಎಲ್ಲ ಕಲಾವಿದರಿಂದಲೂ ಒಂದೊಂದು ಹಾಳೆಗೆ ಸಹಿ. ನುಡಿಸಿದವರಿಗೂ ಕಾನೂನಿನಲ್ಲಿ ಹಕ್ಕಿದೆ, ಸ್ನೇಹ ಅಂತ ಬಿಡಬಾರದು. ಶರೀಫರು ತೀರಿಕೊಂಡದ್ದು 1889ರಲ್ಲಿ. ನಮ್ಮಲ್ಲಿ ಬರೆದವರು ತೀರಿಕೊಂಡ ಮೇಲೆ 60 ವರ್ಷಕ್ಕೆ ಹಕ್ಕು ಮುಗಿಯುತ್ತದೆ, ಹಾಗಾಗಿ ಪದಕ್ಕೆ ಯಾರನ್ನೂ ಕೇಳಬೇಕಿಲ್ಲ. ಆದರೆ ತತ್ವಪದಗಳಿಗೆ ನಮಗೆಲ್ಲ ಬಾಯಿಪಾಠ ಆಗಿರುವ ಕೆಲವು ಧಾಟಿಗಳು ಇತ್ತೀಚಿನ ಸಂಯೋಜಕರದ್ದು, ಅವು ಹಾಗಲ್ಲ. ನಮ್ಮವನು ಹಾಡಿದ್ದು ತನ್ನದೇ ಧಾಟಿ, ಅಷ್ಟರ ಮಟ್ಟಿಗೆ ಬಚಾವ್. ಸ್ಟುಡಿಯೋದಲ್ಲಿ ಮೊದಲೇ ಬಿಡುಗಡೆಯಾದ ಹಾಡಾದರೂ ಲೈವ್ ರೂಪಕ್ಕೆ, ಪ್ರತಿ ರೆಕಾರ್ಡಿಂಗನ್ನು ಗುರುತಿಸುವ ಹೊಸ ಐಎಸ್‌ಆರ್‌ಸಿ ಸಂಖ್ಯೆ ಬೇಕು. ಹಳೆಯದನ್ನೇ ಹಾಕಿದರೆ ಎರಡರ ಲೆಕ್ಕವೂ ಕಲಸಿಹೋಗುತ್ತದೆ.

ಫೈಲುಗಳನ್ನು ಹಂಚಿಕೆಯವರಿಗೆ ಕಳಿಸಿದ ಮೂರನೇ ದಿನ ಒಂದು ಮೇಲ್ ಬಂತು. ಐದನೇ ಟ್ರ್ಯಾಕಿನ ಕೊನೆಯಲ್ಲಿ ಅಸಹಜ ಶಬ್ದ ಪತ್ತೆಯಾಗಿದೆ, ಸರಿಪಡಿಸಿ ಮತ್ತೆ ಕಳಿಸಿ ಅಂತ. ಯಂತ್ರ ಬರೆದ ಮೇಲ್ ಅನಿಸಿತು. ಅದು ಜನರೇಟರ್ ಸ್ಟಾರ್ಟ್ ಆಗುವ ಸದ್ದು, ಬೇಕಂತಲೇ ಇಟ್ಟದ್ದು ಅಂತ ಉತ್ತರ ಬರೆದೆ. ಆರನೇ ಟ್ರ್ಯಾಕಿನಲ್ಲಿ ಏನೂ ಸಿಕ್ಕಿಲ್ಲವೇ ಅಂತ ಕೇಳಬೇಕು ಅನಿಸಿತು, ಕೇಳಲಿಲ್ಲ.

ಎರಡು ದಿನ ಬಿಟ್ಟು ಒಪ್ಪಿಗೆ ಬಂತು.